ಗಂಗಾವತಿಯ ಬಟ್ಟೆ ಅಂಗಡಿಯಲ್ಲಿ ಫೋನು ತೆಗೆದದ್ದು

ಮೊಮ್ಮಗಳ ತೊಟ್ಟಿಲಿಗೆ ಹಾಸುವ ಬಟ್ಟೆಗೆಂದು ಯಲಬುರ್ಗಾದಿಂದ ಹಿಗ್ಗಿನಲ್ಲೇ ಗಂಗಾವತಿಗೆ ಬಂದೆ. ಕೊರೋನಾ ಹೋದ ಮೇಲೆ ಅಂಗಡಿ ತುಂಬ ಜನ ಬರುತ್ತಾರೆ, ಆದರೆ ಮುಟ್ಟಿ, ಫೋಟೋ ಹೊಡೆದುಕೊಂಡು ಹೊರಟುಬಿಡುತ್ತಾರೆ. ನಾನು ಫೋನು ತೆಗೆದದ್ದೇ ತಡ, ಅಂಗಡಿಯವನು ನನ್ನ ಮುಂದೆ ಹರಡಿದ್ದ ಬಟ್ಟೆ ಮಡಚಿಟ್ಟ.

"ನೀವೂ ಫೋಟೋ ಹೊಡ್ಕೊಂಡು ಹೋಗಿ ಫೋನಿನ್ಯಾಗ ತರಸ್ತೀರೇನು, ಯವ್ವಾ?"

"ಹೊಡಿಯಾಕಲ್ಲೋ ಯಪ್ಪಾ, ತೋರ್ಸಾಕ! ನೋಡು, ನನ್ನ ಮೊಮ್ಮಗಳು. ಮೊನ್ನೆ ಹುಟ್ಟ್ಯಾಳ!"

ಅವನು ಕೂಸಿನ ಫೋಟೋ ನೋಡಿ, ಮಡಚಿಟ್ಟ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಆ ಅರಿವಿ ಚುಚ್ಚತೈತಿ, ಬ್ಯಾಡ್ರಿ," ಎಂದು ಬೇರೊಂದು ತಂದ. ಗಲ್ಲಕ್ಕೆ ಒತ್ತಿ ನೋಡಿದೆ, ಬೆಣ್ಣೆಯ ಹಾಗಿತ್ತು. ಬೆಲೆಯೂ ಕಡಿಮೆ. ನನಗೆ ಅನುಮಾನ ಬಂತು.

"ಇಷ್ಟ್ಯಾಕ ಸೋವಿ? ಎಲ್ಲೆರ ಹರದೈತೇನು?"

"ಹರದಿದ್ರ ಕೂಸಿನ್ನ ಎತ್ಕೊಂಡ ಬಂದು ನನಗ ಬೈರಿ. ಫೋನಿನ್ಯಾಗ ತಗೊಂಡ್ರ ಯಾರಿಗೆ ಬೈತೀರಿ?"

ಅಂಚು ಅಂಚೂ ಬೆಳಕಿಗೆ ಹಿಡಿದು ನೋಡಿ, ಕೊಂಡೆ.