ನನ್ನ ಕೈಗೆ ಬಂದ ಸನ್ಮಾನದ ತಟ್ಟೆ

ಶಿವಮೊಗ್ಗದ ಫೌಂಡ್ರಿಯೊಂದರ ಮ್ಯಾನೇಜರ್ ಪೇಟ, ಶಾಲು, ಹಾರವಿದ್ದ ತಟ್ಟೆಯನ್ನು ನನ್ನ ಕೈಗಿಟ್ಟರು. “ಮೇಡಂ, ಸ್ವಲ್ಪ ಹಿಡ್ಕೊಳ್ಳಿ, ಜರ್ಮನಿ ಸಾಹೇಬ್ರಿಗೆ ಸನ್ಮಾನ ಮಾಡ್ಬಿಡ್ತೀವಿ.” ಅವರು ಪೇಟ ತೊಡಿಸಿದ್ದು ನನ್ನ ಕೈಕೆಳಗಿನ ಜರ್ಮನ್ ಟೆಕ್ನಿಷಿಯನ್‌ಗೆ. ಜರ್ಮನಿಯ ಕಂಪನಿಯಿಂದ ಅವರ ಎರಕ ಪರೀಕ್ಷಿಸಲು ಬಂದಿದ್ದ ಮುಖ್ಯ ಎಂಜಿನಿಯರ್ ನಾನು, ಪಕ್ಕದ ಭದ್ರಾವತಿಯ ಕಾರ್ಖಾನೆ ಕಾರ್ಮಿಕನ ಮಗಳು. ನಾವು ಬರುತ್ತೇವೆಂದು ಕಂಪನಿ ಕಳಿಸಿದ್ದ ಫ್ಯಾಕ್ಸಿನಲ್ಲಿ ನನ್ನ ಹೆಸರೇ ಮೊದಲಿತ್ತು. ಆದರೂ ನನ್ನನ್ನು ದುಭಾಷಿ ಅಂದುಕೊಂಡಿದ್ದರಂತೆ!

ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದೆ. “ನಿಮ್ಮ ಎರಕ ಪಾಸೋ ಫೇಲೋ ಅಂತ ಸಹಿ ಹಾಕೋಳು ನಾನು ಕಣ್ರೀ!” ಮ್ಯಾನೇಜರ್ ಪೆಚ್ಚಾಗಿ, ಟೆಕ್ನಿಷಿಯನ್‌ನ ತಲೆಯ ಪೇಟವನ್ನೇ ತೆಗೆದು ನನ್ನತ್ತ ಹಿಡಿದರು. ನಾನು ತಲೆ ಬಗ್ಗಿಸಲಿಲ್ಲ.

ಜರ್ಮನಿಯಲ್ಲೂ ನನ್ನ ಮೈಬಣ್ಣ ನೋಡಿ, ಮೀಟಿಂಗಿಗೆ ಕಾಫಿ ತರಲು ಹೇಳಿದವರಿದ್ದಾರೆ. ಪರದೇಶ ಎಂದು ನುಂಗಿಕೊಂಡಿದ್ದೆ. ನನ್ನೂರಿನಲ್ಲಿ ಏನೆಂದು ನುಂಗಲಿ?