ಣಕಾರ, ನಕಾರ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಗೋಡೆಗೆ ಒರಗಿಸಿಟ್ಟ ಹಲಸಿನ ಮಣೆಯೊಂದಿತ್ತು. ಅಜ್ಜಿ ತನ್ನ ತವರು ಹಳೇಕೋಟೆಯಿಂದ ತಂದದ್ದು. ತಲೆಮಾರುಗಳು ಕೂತು ಕೂತು ನಡುವೆ ಸವೆದು, ಅಂಗೈಯಂತೆ ಸಣ್ಣ ಹಳ್ಳ ಬಿದ್ದಿದೆ. ಊಟದ ಮೇಜು ಬಂದ ಮೇಲೆ ಅದಕ್ಕೆ ಮನೆಯಲ್ಲಿ ಕೆಲಸವಿಲ್ಲ, ಭಾಷೆಯಲ್ಲಿ ಮಾತ್ರ ಇದೆ. ಒಬ್ಬರನ್ನು ಆದರಿಸಿದರೆ ಮಣೆ ಹಾಕಿದೆವೆನ್ನುತ್ತೇವೆ, ಅವರ ಮಾತನ್ನು ಕಡೆಗಣಿಸಿದರೆ ಮಣೆ ಹಾಕಲಿಲ್ಲವೆನ್ನುತ್ತೇವೆ. ಕನ್ನಡ ಪಾಠ ಮಾಡುವ ನಾನು ‘ಮಣೆ’ ಬೇರೆ, ‘ಮನೆ’ ಬೇರೆ ಎಂದು ಎಷ್ಟು ಮಕ್ಕಳ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿದ್ದೇನೋ ಲೆಕ್ಕವಿಲ್ಲ. ನಮ್ಮ ಸೀಮೆಯ ನಾಲಗೆಗೆ ಣಕಾರ ಭಾರ, ಅದನ್ನು ನಕಾರ ಮಾಡಿಬಿಡುತ್ತದೆ. ನಕಾರಕ್ಕೆ ಇನ್ನೊಂದು ಅರ್ಥವೂ ಇದೆಯೆಂಬುದು ನನಗೆ ತಿಳಿದೇ ಇತ್ತು. ಅರಿವಾದದ್ದು ಕಳೆದ ವರ್ಷ.

ನಾನಿರುವುದು ಹೊಳೆನರಸೀಪುರದಲ್ಲಿ, ಕೆಲಸ ಮಾಡುವುದು ಅರಕಲಗೂಡಿನಿಂದಾಚೆಯ ಒಂದು ವಸತಿ ಶಾಲೆಯಲ್ಲಿ. ಹೋಗಿಬರಲು ದಿನಕ್ಕೆ ನಾಲ್ಕು ಬಸ್ಸು ಹತ್ತಿಳಿಯಬೇಕು. ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಶುರುವಾದರಂತೂ ಒಂದು ಕಾಲೂರಲು ಜಾಗ ಸಿಕ್ಕರೆ ಪುಣ್ಯ. ಶಾಲೆಯ ಹಿಂದೆ ಶಿಕ್ಷಕರಿಗೆಂದು ಆರು ಮನೆಗಳಿವೆ. ಅವುಗಳಲ್ಲೊಂದಕ್ಕೆ ನಾಲ್ಕು ವರ್ಷ ಅರ್ಜಿ ಕೊಟ್ಟಿದ್ದೆ. ಆ ಸಲ ಕೊನೆಯ ಮನೆ, ಮುಂದೆ ಸೀಬೆ ಮರವಿರುವುದು, ಖಾಲಿಯಾಗಿತ್ತು. ಬೀಗ ಹಾಕಿದ್ದ ಅದರ ಕಿಟಕಿಗಳಿಗೆ ನಾನು ಮನಸ್ಸಿನಲ್ಲೇ ಹಸಿರು ಪರದೆ ಕಟ್ಟಿಯಾಗಿತ್ತು.

ಗಣಿತಕ್ಕೆ ಹೊಸದಾಗಿ ಬಂದವಳು ಭವ್ಯ. ಚನ್ನರಾಯಪಟ್ಟಣದ ಹುಡುಗಿ, ಕೊಟ್ಟದ್ದು ಅರಕಲಗೂಡಿಗೆ. ಏಳು ತಿಂಗಳ ಬಸುರಿ. ಒಂದು ದಿನ ಸ್ಟಾಫ್ ರೂಮಿಗೆ ಕಾಫಿ ತಂದ ಆಯಾ ನಿಂಗಮ್ಮ ನನ್ನ ಕಿವಿಯ ಹತ್ತಿರ ಬಗ್ಗಿ, “ಬವ್ಯಾ ಮೇಡಮ್ಮು ಮನೆ ಬೇಕು ಅಂತವ್ರೆ ಕನವ್ವ. ಚಿಕ್ಕದಾದ್ರೂ ಸೈಯಂತೆ, ಬಿರ್ರನೆ ಬೇಕಂತೆ” ಎಂದಳು.

ನನ್ನ ಹೊಟ್ಟೆಯಲ್ಲಿ ಆಗ ಹತ್ತಿಕೊಂಡದ್ದನ್ನು ಏನೆಂದು ಹೇಳಲಿ? ನಾನೂ ಎರಡು ಹೆತ್ತವಳು. ಎರಡು ಸಲವೂ ಬಸ್ಸಿನ ಕಂಬಿ ಹಿಡಿದು ಓಡಾಡಿದವಳು, ಯಾರನ್ನೂ ಏನನ್ನೂ ಕೇಳದವಳು. ಕೇಳಬಹುದೆಂಬುದೇ ಆಗ ನನಗೆ ಹೊಳೆದಿರಲಿಲ್ಲ. ಇವಳು ಬಂದು ನಾಲ್ಕು ತಿಂಗಳಿಗೇ ಬಾಯಿಬಿಟ್ಟು ಕೇಳಿದ್ದಳು. ಸಿಕ್ಕೀತೆಂಬುದಕ್ಕಿಂತ ಹೆಚ್ಚಾಗಿ, ಕೇಳಿಬಿಟ್ಟಳಲ್ಲ ಎಂಬುದೇ ನನ್ನನ್ನು ಸುಟ್ಟಿತು.

ಸುದ್ದಿ ನಿಂಗಮ್ಮನ ಬಾಯಿಂದಲೇ ಪ್ರಾಂಶುಪಾಲರಿಗೂ ಮುಟ್ಟಿತ್ತು. ಹಿರಿಯಳೆಂದು ನನ್ನನ್ನು ಕರೆದು, ಏನು ಮಾಡೋಣ ಮೇಡಂ ಎಂದು ಕೇಳಿದರು. ನಾನು ಹೇಳಿದ ಮಾತು ನನಗೆ ಈಗಲೂ ಅಕ್ಷರಶಃ ನೆನಪಿದೆ: “ನಾವೆಲ್ಲ ಸರದಿಯಲ್ಲಿ ನಿಂತಿಲ್ವಾ ಸಾರ್? ಅವ್ರೂ ನಿಂತ್ಕಳ್ಳಿ.”

ಅವಳು ನಿಂತಳು. ಸರದಿ ಬಂದಾಗ ನೋಡೋಣವಂತೆ ಎಂದು ನಿಂಗಮ್ಮ ಬಂದು ಹೇಳಿದಾಗ ಮತ್ತೆ ಕೇಳದೆ, ಮಾಳಿಗೆಯ ಮೇಲಿನ ಕುರ್ಚಿಯಿಲ್ಲದ ತರಗತಿಗಳಲ್ಲಿ ದಿನಕ್ಕೆ ಐದು ಪಾಠ, ಎಲ್ಲವನ್ನೂ ನಿಂತೇ ಮಾಡಿದಳು. ಅವಳ ಚಪ್ಪಲಿಯ ಪಟ್ಟಿ ಪಾದದೊಳಕ್ಕೆ ಹೂತುಹೋಗಿದ್ದನ್ನು ನಾನು ನೋಡಿದ್ದೆ. ನೋಡಿ, ಬಸುರಿಯರಿಗೆ ಕಾಲು ಊದುವುದು ಹೊಸತೇ ಎಂದುಕೊಂಡಿದ್ದೆ.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಹುಡುಗಿಯರು ಓಡಿಬಂದರು. ಮೇಡಂ ಕಣ್ಣಿಗೆ ಕಿಡಿ ಕಾಣುತ್ತಿದೆ ಅನ್ನುತ್ತಿದ್ದಾರೆ, ಬೋರ್ಡಿಗೆ ಒರಗಿ ಕೂತುಬಿಟ್ಟರು ಎಂದರು. ಅವಳನ್ನು ಹಾಸನಕ್ಕೆ ಕರೆದೊಯ್ದ ವ್ಯಾನಿನಲ್ಲಿ ಹಿಂದಿನ ಸೀಟಿನಲ್ಲಿ ನಾನಿದ್ದೆ. ಡಾಕ್ಟರು ಫೋನಿನಲ್ಲಿ ಹೇಳಿದಂತೆ ಎಡಮಗ್ಗುಲಿಗೆ ಮಲಗಿಸಿ, ಅವಳ ಪಾದಗಳನ್ನು ನನ್ನ ಮಡಿಲಿಗೆ ಎತ್ತಿಕೊಂಡೆ. ಹಿಟ್ಟಿನ ಮುದ್ದೆಯಂತಿದ್ದವು, ನನ್ನ ಬೆರಳಿನ ಗುರುತು ಬಿದ್ದದ್ದು ಬಿದ್ದ ಹಾಗೆಯೇ ಉಳಿಯಿತು. ಅಷ್ಟು ದಿನ ನನ್ನನ್ನು ಮೇಡಂ ಎನ್ನುತ್ತಿದ್ದವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು: “ಬೀಪಿ ಐತೆ, ನಿಂತ್ಕಬೇಡ ಅಂದಿದ್ರು ಅಕ್ಕ. ಕೂತು ಪಾಠ ಮಾಡಕ್ಕೆ, ಕಾಲಿಡಕ್ಕೆ, ಒಂದು ಮಣೆ ಕೇಳಿದ್ದೆ. ಅದುಕ್ಕೂ ಸರದಿಯಂತೆ.”

ಮಣೆ. ಅದಾದ ಅರೆಗಳಿಗೆಗೆ ಅವಳ ದವಡೆ ಬಿಗಿಯಿತು, ಮೈ ಸೆಟೆಯಿತು, ಮಡಿಲಲ್ಲಿದ್ದ ಕಾಲುಗಳು ನನ್ನ ಹೊಟ್ಟೆಗೇ ಒದೆಯತೊಡಗಿದವು. ಡ್ರೈವರು ತಿರುಗಿ ನೋಡಿ ಇನ್ನಷ್ಟು ಜೋರಾಗಿ ಓಡಿಸಿದ. ಆ ದಾರಿ ನನಗೆ ಇನ್ನೂ ಮುಗಿದಿಲ್ಲ. ಇಂದಿಗೂ ಬಸ್ಸು ಹಳ್ಳಕ್ಕಿಳಿದು ಕುಲುಕಿದರೆ ನನ್ನ ಕೈ ತಾನಾಗಿ ಮಡಿಲನ್ನು ತಡಕಾಡುತ್ತದೆ.

ಅಂದೇ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಎರಡು ಅಂಗೈಯಲ್ಲಿ ಹಿಡಿಸುವಂಥ ಹೆಣ್ಣು ಕೂಸು ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಉಸಿರಿಗೆ ಹೋರಾಡಿ ಉಳಿಯಿತು. ತಾಯಿ ಕಣ್ಣುಬಿಟ್ಟದ್ದು ಮೂರನೆಯ ದಿನ. ಅಷ್ಟೂ ದಿನ ನಾನು ಕಂಡ ದೇವರಿಗೆಲ್ಲ ಕೈಮುಗಿದೆ. ನನ್ನ ಕಣ್ಣೇ ಬಿತ್ತೇನೋ ಎಂದೂ ಹೆದರಿದೆ. ಓದಿದ್ದು ಆಗ ನೆರವಿಗೆ ಬರಲಿಲ್ಲ. ಕೇಡಾದದ್ದು ನನ್ನ ದೃಷ್ಟಿಯಿಂದಲ್ಲ, ಕಿವಿಯಿಂದ ಎಂಬುದು ಆಮೇಲೆ ತಿಳಿಯಿತು. ಹಗಲಿಡೀ ಮನೆಯನ್ನೇ ಜಪಿಸುವ ಕಿವಿಗೆ ಮಣೆ ಹೇಗೆ ಕೇಳಿಸೀತು? ನಿಂಗಮ್ಮನ ನಾಲಗೆಗೆ ಣಕಾರ ಬಾರದಿದ್ದರೆ ಅದು ಅವಳ ತಪ್ಪಲ್ಲ. “ಯಾವುದು, ಕೂರೋದಾ, ಇರೋದಾ?” ಎಂದು ತಿರುಗಿ ಕೇಳಬೇಕಾದವಳು ಕನ್ನಡ ಮೇಡಂ.

ನಗಬೇಡಿ, ಭವ್ಯ ಕೆಲಸಕ್ಕೆ ಮರಳಿದಾಗ ಹೆದರಿದ್ದ ಆಡಳಿತದವರು ಅವಳಿಗೆ ಆ ಸೀಬೆ ಮರದ ಮನೆಯನ್ನೇ ಕೊಟ್ಟರು. ಮಣೆ ಕೇಳಿದವಳಿಗೆ ಕೊನೆಗೆ ಮನೆಯೇ ಸಿಕ್ಕಿತು. ಅವಳ ಕಾಲುಗಳನ್ನು ಮಡಿಲಲ್ಲಿ ಹೊತ್ತಿದ್ದ ನನ್ನ ಹೊಟ್ಟೆ, ಆ ಸುದ್ದಿ ಕೇಳಿ ಮತ್ತೆ ಉರಿಯಿತು. ನಾಚಿಕೆ ಪಕ್ಕದಲ್ಲೇ ಇದ್ದರೂ ಅಸೂಯೆ ಎದ್ದುಹೋಗುವುದಿಲ್ಲ.

ಕಳೆದ ಭಾನುವಾರ ಅವಳಿಗೆ ಕೊಡಲೆಂದು ಅಜ್ಜಿಯ ಮಣೆಯನ್ನು ಚೀಲಕ್ಕೆ ಹಾಕಿಕೊಂಡು ಆ ಮನೆಗೆ ಹೋದೆ. ಭವ್ಯ ಅದನ್ನು ಸೆರಗಿನಿಂದ ಒರೆಸಿ, ನನಗೇ ಹಾಕಿ, ಕೂತ್ಕಳಿ ಅಕ್ಕ ಎಂದಳು. ನಾನು ಕೂರಲಿಲ್ಲ. ಮಣೆಯನ್ನು ಮನೆಯೆಂದು ಕೇಳಿಸಿಕೊಂಡದ್ದನ್ನೂ, ಪ್ರಾಂಶುಪಾಲರಿಗೆ ಆಡಿದ ಮಾತನ್ನೂ ಆಡಿದಂತೆಯೇ, ನಿಂತೇ ಹೇಳಿದೆ.

ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದಳು. ಆಮೇಲೆ, “ಮನೆಗಂತ ನಾಕು ವರ್ಸ ಅವ್ರುನ್ನ ಕೇಳುದ್ರಲ್ಲಕ್ಕ. ಒಂದಿನ ನನ್ನ ಕೇಳ್ಬೋದಿತ್ತು, ಏನವ್ವ ಬೇಕು ನಿಂಗೆ ಅಂತ” ಎಂದಳು. ಧ್ವನಿಯೇರಿಸಲಿಲ್ಲ. ಮಣೆಯನ್ನು ಎತ್ತಲೂ ಇಲ್ಲ.

ಕೂತೆ. ಅಜ್ಜಿ ಸವೆಸಿದ ಹಳ್ಳದಲ್ಲಿ ಸರಿಯಾಗಿ ಕೂತೆ. ಅವಳು ಕೂಸನ್ನು ನನ್ನ ಮಡಿಲಲ್ಲಿ ಮಲಗಿಸಿ ಕಾಫಿಗೆ ಒಳಗೆ ಹೋದಳು. ಎರಡು ಪುಟ್ಟ ಪಾದಗಳು ನನ್ನ ಹೊಟ್ಟೆಯನ್ನು ಒದ್ದವು. ತಲೆಯೆತ್ತಿದರೆ ಕಿಟಕಿಗೆ ಹಳದಿ ಪರದೆ. ನಾನಾಗಿದ್ದರೆ ಹಸಿರು ಹಾಕುತ್ತಿದ್ದೆ ಎಂದು, ಮಣೆಯ ಮೇಲೆ ಕೂತಿದ್ದಾಗಲೇ, ಮನಸ್ಸು ಎದ್ದು ನಿಂತಿತು.