ಒಂದು ಗೆರಿನೂ ಬೀಳದ ಒಂಟಿಗಾಲಿ ಗಾಡಿ

ಎರಡು ವರ್ಷದ ಹಿಂದಿನ ಮಾತು. ನಾಶಿಕದ ಅಂಬಡ್ ಎಂಐಡಿಸಿ ಕಾರ್ಖಾನಿ ಏರಿಯಾದ ಬಾಜೂಕ ಒಂದು ಕಾರ್ ಡಿಟೇಲಿಂಗ್ ಅಂಗಡಿ ಅದ. ಅಲ್ಲಿ ಗಾಡಿಗೆ ಫಿಲ್ಮ್ ಹಚ್ಚೋ ಕೆಲಸದಾಗ ನಾ ಆಗ ಇದ್ದೆ, ಈಗೂ ಇದ್ದೀನಿ. ನಮ್ಮೂರು ಬೀದರ್ ಜಿಲ್ಲಾ ಭಾಲ್ಕಿ. ಈ ಕೆಲಸಕ್ಕ ಬರೂಕಿಂತ ಮೊದಲು ಒಂದು ಪಾರ್ಟ್ಸ್ ಕಂಪನಿಯ ಪೇಂಟ್ ಶಾಪಿನ್ಯಾಗ ಗನ್ ಹಿಡದು ಬಣ್ಣ ಹೊಡೀತಿದ್ದೆ. ಹತ್ತನೇ ಕ್ಲಾಸ್ ಪಾಸಾಗಿದ್ದು ಲಗ್ನ ಆದ ಮ್ಯಾಲ. ಅದಕ್ಕ ಬರೂದು ನಿಧಾನ ಆಗ್ತದ, ಆದ್ರ ನೋಡಿದ್ದನ್ನ ನೋಡಿದಂಗೇ ಬರೀತೀನಿ.

ಮೊದಲು ನಮ್ಮ ಕೆಲಸ ಏನಂತ ಹೇಳಬೇಕು. ಗಾಡಿ ಬಣ್ಣದ ಮ್ಯಾಲ ಹಚ್ಚೋ ದಪ್ಪನ ಪಾರದರ್ಶಕ ಫಿಲ್ಮಿಗೆ ಪಿಪಿಎಫ್ ಅಂತಾರ. ಬೇಬಿ ಶಾಂಪೂ ಕಲಸಿದ ನೀರು ಸಿಂಪಡಿಸಿ, ಫಿಲ್ಮ್ ಹಾಸಿ, ಸ್ಕ್ವೀಜಿ ಅನ್ನೋ ರಬ್ಬರ್ ಪಟ್ಟಿಯಿಂದ ಒಳಗಿನ ನೀರು ಹೊರಗ ದಬ್ಬಬೇಕು. ಬಾಗಿದ ಜಾಗಾದಾಗ ಹೀಟ್ ಗನ್ ಹಿಡದು ಹಿಗ್ಗಿಸಬೇಕು. ಸಣ್ಣ ಗೆರಿ ಬಿದ್ರ ಬಿಸಿನೀರು ಸುರದ್ರ ಸಾಕು, ಫಿಲ್ಮ್ ತಾನೇ ಕೂಡಿಕೊಳ್ತದ. ಕೆಲಸ ಛಲೋ ಅದ. ಕೆಲಸ ಮಾಡಿಸಾವರೇ ಹೆಚ್ಚಿನವರು ಛಲೋ ಇಲ್ಲ. ಟಿವಿ ರಿಮೋಟಿನ ಪ್ಲಾಸ್ಟಿಕ್ ಕಿತ್ತಲಾರದ ಜನ ಇವರು. ಸೋಫಾಕ್ಕ ಚಾದರ ಹೊದಿಸಿ ತಾವು ನೆಲಕ್ಕ ಕೂಡ್ತಾರ. ಹೊಸ ಕಾರ್ ಸೀಟಿನ ಕವರ್ ತಗದ್ರ ಕಾರೇ ಹಳೇದಾಯ್ತು ಅಂತ ಅಳ್ತಾರ. ಇಂಥವರ ನಡುವ ನನ್ನ ಹೊಟ್ಟಿ ತುಂಬ್ತದ, ಆದ್ರ ಮರ್ಯಾದಿ ಮಾತ್ರ ಬರವಲ್ದು.

ಆ ವರ್ಷ ದಸರಾ ಮುಂದ ನಮ್ಮ ಅಂಗಡಿ ಮಾಲಕ ಶೇಠ್ ನನ್ನ ಕರದು, ಛತ್ರಪತಿ ಸಂಭಾಜಿನಗರಕ್ಕ ಹೋಗಿ ಒಂದು ಗಾಡಿಗೆ ಫಿಲ್ಮ್ ಹಚ್ಚಿ ಬಾ, ಅವರೂ ನಿಮ್ಮ ಕನ್ನಡದವರೇ ಅಂದ್ರು. ಗಿರಾಕಿ ಅಂದ್ರ ಸುಧಾಕರ ಶೆಟ್ಟರು, ಉಡುಪಿ ಕಡೆಯವರು, ಅಲ್ಲಿ ದೊಡ್ಡ ಶಾಕಾಹಾರಿ ಹೋಟೆಲ್ ಅದ ಅವರ್ದು. ಫಿಲ್ಮಿನ ರೋಲ್ ಹೆಗಲ ಮ್ಯಾಲ ಇಟಗೊಂಡು ಎಸ್‌ಟಿ ಬಸ್ ಹತ್ತಿದೆ. ನಿಫಾಡ್ ದಾಟಿ ಯೇವಲಾದ ತನಕ ನಿಂತೇ ಹೋದೆ. ಅಲ್ಲಿ ಪೈಠಣಿ ಸೀರಿ ಗಂಟಿನವರು ಇಳದ ಮ್ಯಾಲ ಕುಂಡ್ರಲಿಕ್ಕ ಜಾಗಾ ಸಿಕ್ತು.

ಹೋಟೆಲಿನ ಎಸಿ ಫ್ಯಾಮಿಲಿ ರೂಮ್ ಬಂದ್ ಮಾಡಿ ಗಾಡಿನ ಒಳಗ ಇಟ್ಟಿದ್ರು, ಧೂಳು ಕೂಡಬಾರ್ದಂತ. ಮಕ್ಕಳು ಮರಿ ಕಟಗೊಂಡು ಬಂದವರು ಹೊರಗ ಸೆಕೀಯೊಳಗ ದೋಸಾ ತಿನ್ನಲತ್ತಿದ್ರು.

ಒಳಗ ನೋಡಿದ್ರ ಕಾರೂ ಅಲ್ಲ, ಬೈಕೂ ಅಲ್ಲ. ಎಲೆಕ್ಟ್ರಿಕ್ ಯೂನಿಸೈಕಲ್. ನಡುವ ಒಂದೇ ಒಂದು ದಪ್ಪ ಗಾಲಿ, ಸುತ್ತ ಕರ್ರಗ ಮಿಂಚೋ ಡಬ್ಬಿ, ಎರಡೂ ಬಾಜೂಕ ಕಾಲಿಡೋ ಪೆಡಲ್. ಸೀಟಿಲ್ಲ, ಹ್ಯಾಂಡಲ್ಲಿಲ್ಲ. ನಿಂತು ಮುಂದ ಬಾಗಿದ್ರ ಓಡ್ತದ, ಹಿಂದ ಬಾಗಿದ್ರ ನಿಲ್ತದ. ಮೀನಖಂಡದಿಂದ ಒತ್ತಿ ಹಿಡೀಲಿಕ್ಕ ಎರಡು ಮೆತ್ತಿ ಇರ್ತಾವ. ಪೆಡಲ್ ಮ್ಯಾಲ ಎಮರಿ ಪೇಪರ್‌ನಂಥ ಖರಖರ ಹಾಳಿ ಅಂಟಿಸಿರ್ತಾರ, ಕಾಲು ಜಾರಬಾರ್ದಂತ. ಈ ಗಾಡಿ ಮ್ಯಾಲ ಕಲಿಯಾವರು ಬಿದ್ದೇ ಬೀಳ್ತಾರ. ಬಿದ್ದಾಗ ಗಾಡಿನೂ ಕುಂಬಳಕಾಯಿ ಉರುಳಿದಂಗ ಉರುಳ್ತದ. ಅದಕ್ಕ ತಿಳದವರು ಇದಕ್ಕ ದಪ್ಪ ಸ್ಪಂಜಿನ ಜಾಕೀಟು ಹಾಕ್ತಾರ. ನೋಡಲಿಕ್ಕ ಚಂದ ಇರೂದಿಲ್ಲ, ಆದ್ರ ಕೆಲಸ ಮಾಡ್ತದ.

ಗಾಡಿ ಶೆಟ್ಟರ ಮಗಳು ನಿಧಿದು. ಕಾಲೇಜ್ ಮುಗಿಸಿ ನೌಕರಿ ಹಿಡದಾಕಿ, ತನ್ನ ಪಗಾರದಾಗೇ ತರಿಸಿದ್ದಳು. ನಾಶಿಕದ ಸವಾರರ ಗುಂಪಿನ ಜೋಡಿ ದಸರಾ ಆದ ಮ್ಯಾಲಿನ ರವಿವಾರ ನಿಫಾಡ್‌ದ ದ್ರಾಕ್ಷಿ ತೋಟದ ಹಾದಿ ಹಿಡದು ಹೋಗೂದಿತ್ತು ಆಕಿಗೆ. ಆದ್ರ ಅಪ್ಪ ಕಂಪನಿಯಿಂದ ಬಂದ ಪ್ಲಾಸ್ಟಿಕ್ ಹಾಳಿ ಸೈತ ಕಿತ್ತಲಿಕ್ಕ ಬಿಟ್ಟಿರಲಿಲ್ಲ. ಓಡಿಸೂದಿದ್ರ ಹೋಟೆಲ್ ಹಿಂದಿನ ಫರಸೀ ಕಲ್ಲಿನ ಅಂಗಳದಾಗ, ಅಪ್ಪ ನಿಂತಾಗ ಮಾತ್ರ.

ಆ ಪ್ಲಾಸ್ಟಿಕ್ ನಾನೇ ಕಿತ್ತಿದೆ. ಅದರ ಕೆಳಗ ಸಣ್ಣ ಧೂಳು ಹೊಕ್ಕು, ತಿಕ್ಕಿ ತಿಕ್ಕಿ, ಹೊಳಪಿನ ಮ್ಯಾಲ ಮಂಜು ಕವದಂಗ ಆಗಿತ್ತು. ಕಾಯೂದಂತ ಹೇಳಿ ಅವರೇ ಕೆಡಿಸಿದ್ರು. ಹೇಳಿದ್ರ ಕೇಳಬೇಕಲ್ಲ.

"ಕಂಪನಿ ಪ್ಲಾಸ್ಟಿಕ್ಕಲ್ಲಿ ಹಾಗೆಲ್ಲ ಆಗ್ಲಿಕ್ಕಿಲ್ಲ ಮಾರಾಯ್ರೆ. ನಿಮ್ಮ ಕೈಯಿಂದ ಆದದ್ದಿರ್ಬೇಕು," ಅಂದ್ರು ಶೆಟ್ಟರು.

ನಾ ಪಾಲಿಶ್ ಮಾಡಿ ಮಂಜು ತಗದೆ. ಆಮ್ಯಾಲ ಫಿಲ್ಮ್ ಹಚ್ಚಲಿಕ್ಕ ಶುರು ಮಾಡಿದೆ. ಇಷ್ಟು ಬಾಗು ತಿರುವು ಇರೋ ಸಾಮಾನಿಗೆ ಹಚ್ಚೂದು ಕಾರ್ ಬಾನೆಟ್ಟಿಗೆ ಹಚ್ಚಿದಂಗಲ್ಲ. ಶೆಟ್ಟರು ಖುರ್ಚಿ ಹಾಕ್ಕೊಂಡು ಹಿಂದೇ ಕುಂತಿದ್ರು. ಗಲ್ಲಾದ ಮ್ಯಾಲೂ ಅಷ್ಟು ಹೊತ್ತು ಕೂಡತಿದ್ರೋ ಇಲ್ಲೋ.

"ಆ ಪೆಡಲಿಗೆ ಯಾಕೆ ಹಚ್ಚುದಿಲ್ಲ?"

"ಪೆಡಲಿಗೆ ಹಚ್ಚಬಾರ್ದುರಿ ಶೆಟ್ರ. ಕಾಲು ಜಾರ್ತದ. ಬಾಜೂಕಿನ ಮೆತ್ತಿಗೂ ಬ್ಯಾಡ."

"ಎಂತ ಕರ್ಮ! ಇಡೀ ಗಾಡಿ ಕನ್ನಡಿ ಹಾಗೆ ಉಂಟು, ಇದೊಂದು ಕೊಳಕು ಉಪ್ಪರಿಗೆ ಮೆಟ್ಲಿನ ಹಾಗೆ."

ಬಾಗಿಲದಾಗ ನಿಂತ ನಿಧಿ ನಕ್ಕಳು. "ಪಪ್ಪಾ, ಅದರ ಮೇಲೆ ನಾನು ನಿಲ್ಲೋದು. ಮೀ ನಾಹೀ ತರ್ ಕೋಣ, ನಾನಲ್ದೆ ಮತ್ಯಾರು?"

ಶೆಟ್ಟರು ಶೇಠ್‌ಗೆ ಫೋನ್ ಹಚ್ಚಿದ್ರು. ಶೇಠ್ ನನಗ, ಗಿರಾಕಿ ಹೇಳಿದಂಗ ಮಾಡು ಅಂದ್ರು. ಹಂಗಾದ್ರ ಬೇರೆಯವರನ್ನ ಕಳಸ್ರಿ ಅಂದೆ. ಹಬ್ಬದಾಗ ಬೇರೆಯವರು ಎಲ್ಲಿ ಸಿಗಬೇಕು? ಪೆಡಲ್ ಹಂಗೇ ಉಳೀತು. ಖಂಡೆ ನವಮಿ ಪೂಜಾ ತನಕ ನೀವು ಇಲ್ಲೇ ಇರ್ಬೇಕು, ಫಿಲ್ಮ್ ಎದ್ರೆ ಯಾರು ನೋಡ್ತಾರೆ ಅಂದ್ರು ಶೆಟ್ಟರು. ಹೊಟ್ಟಿತುಂಬ ಊಟ, ಮಲಗಲಿಕ್ಕ ಜಾಗಾ. ಉಳಕೊಂಡೆ.

ಖಂಡೆ ನವಮಿ ಅಂದ್ರ ನಮ್ಮ ಆಯುಧ ಪೂಜಾ. ಮುಂಜಾನೆ ನಾ ಮಿಂದು ಬರೂದ್ರಾಗ ಗಾಡಿನ ಹೋಟೆಲ್ ಮುಂದ ತಂದು, ಚೆಂಡು ಹೂವಿನ ಹಾರ ಹಾಕಿ ಪೆಡಲ್ ತನಕ ಮುಚ್ಚಿದ್ರು. ಹಾರ ತಂತಿ ಮ್ಯಾಲ ಪೋಣಿಸಿದ್ದು. ಆ ತಂತಿ ತಾಗಬಾರ್ದಂತ ಹಾರದ ಕೆಳಗ ರೇಷ್ಮಿ ಶಲ್ಯ. ದೇವರಿಗೂ ಇಷ್ಟು ಕಾಳಜಿ ಮಾಡಿದ್ದು ನಾ ನೋಡಿಲ್ಲ. ಪೂಜಾಕ್ಕ ಬಂದ ಭಟ್ಟರು ಕುಂಕುಮದ ಬಟ್ಟು ಎತ್ತಿದ ಕೂಡಲೇ ಶೆಟ್ಟರು ಕೈ ಹಿಡದ್ರು.

"ಗಾಡಿಗೆ ಬೇಡ, ಅರಶಿನ ಕುಂಕುಮ ಕಲೆ ಆಗ್ತದೆ. ನೆಲಕ್ಕೆ ಇಡಿ."

"ಹಂಗಾದ್ರ ಪೂಜಾ ನೆಲದ್ದೋ ಗಾಡೀದೋ?" ಅಂದ್ರು ಭಟ್ಟರು. ಅವರು ಕಲಬುರಗಿ ಕಡೆಯವರು, ಬಾಯಿ ಬಿಗಿ ಇದ್ದವರಲ್ಲ. "ನಿಂಬಿಹಣ್ಣರೆ ಎಷ್ಟು ಇಡ್ಲಿ? ಕಾರಿಗೆ ನಾಕು, ಬೈಕಿಗೆ ಎರಡು. ಇದಕ್ಕ ಒಂದೇ ಇಟ್ಟ್ರ ಕಡಿಮಿ ಆಯ್ತಂತ ಬೈಬ್ಯಾಡ್ರಿ."

ಎಲ್ಲಾರೂ ನಕ್ರು. ನಿಂಬಿಹಣ್ಣು ಇಟ್ರು. ಅದರ ಮ್ಯಾಲ ಹಾಯಿಸೂದು ನಿಧಿ ಕೆಲಸ. ಆಕಿ ಹೆಲ್ಮೆಟ್, ಮಣಕಟ್ಟಿನ ಗಾರ್ಡ್ ತಂದಿದ್ದಳು.

"ಪೂಜೆಗೆ ಎಂತ ಹೆಲ್ಮೆಟ್? ಫೋಟೋದಲ್ಲಿ ಮುಖ ಕಾಣ್ಬೇಕಲ್ಲ. ಎರಡು ಹೆಜ್ಜೆ ದೂರ ಅಷ್ಟೇ," ಅಂದ್ರು ಶೆಟ್ಟರು. ಬೂಟನ್ನೂ ಬಿಡಿಸಿದ್ರು, ಪೂಜಾ ಮುಂದ ಬೂಟ್ ಹಾಕಬಾರ್ದಂತ.

ಹಾರ, ಶಲ್ಯ ತಗದ್ರು. ಫೋಟೋದ ಅವಸರದಾಗ ನಿಧಿ ಕೆಳಗ ನೋಡದೇ ಬರಿಗಾಲಲೇ ಹತ್ತಿದಳು. ಗಾಲಿ ನಿಂಬಿಹಣ್ಣು ಹಿಚುಕಿ ಮುಂದ ಹೋಯ್ತು, ಆಕಿ ಕಾಲು ಪೆಡಲ್ ಮ್ಯಾಲಿಂದ ಸರ್ರಂತ ಜಾರ್ತು. ಕೈ ಊರಿ ಫರಸೀ ಮ್ಯಾಲ ಬಿದ್ದಳು. ಮಣಕಟ್ಟು ಲಟಕ್ಕಂದದ್ದು ನನಗೂ ಕೇಳಿಸ್ತು. ಗಾಡಿ ಒಂದೇ ಉರುಳಿ ಹೋಗಿ ಪಾವಟಿಗಿಗೆ ಬಡೀತು.

ಶೆಟ್ಟರು ಓಡಿದ್ರು. ಮಗಳ ಬಾಜೂಕಿಂದಲೇ ಓಡಿದ್ರು, ಗಾಡಿ ಕಡೆ. ಅದನ್ನ ಎತ್ತಿ, ಪಂಚೆ ಚುಂಗಿನಿಂದ ಒರಸಿ, ಬೆಳಕಿಗೆ ಹಿಡದು ತಿರುವಿ ತಿರುವಿ ನೋಡಲತ್ರು.

ನಿಧಿ ಬಿದ್ದಲ್ಲಿಂದಲೇ ಕೇಳಿದಳು, "ಪಪ್ಪಾ, ಗೀರು ಬಿತ್ತಾ?"

"ಇಲ್ಲ ಮಗಾ, ಒಂದೂ ಇಲ್ಲ!" ಅಂದ್ರು ಶೆಟ್ಟರು, ಮಾರಿ ತುಂಬ ನಗು.

ನಿಧಿ ತಾಯಿ ಜಯಕ್ಕ ಅಲ್ಲೇ ಇದ್ರು. ಆರತಿ ತಾಟು ಕೆಳಗಿಟ್ಟು, ಮಗಳ ತಲಿ ತೊಡಿ ಮ್ಯಾಲ ತಗೊಂಡು, ಗಂಡನ್ನ ನೋಡಲಾರದೇ ಅಂದ್ರು, "ಆ ಗಾಡಿಯನ್ನೇ ಕಾರಲ್ಲಿ ಕೂರ್ಸಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇವಳನ್ನ ನಾನು ರಿಕ್ಷಾದಲ್ಲಿ ಕರ್ಕೊಂಡು ಹೋಗ್ತೇನೆ."

ಖರೇನೇ ರಿಕ್ಷಾದಾಗೇ ಹೋದ್ರು. ನಾ ಬಗ್ಗಿ ಪೆಡಲ್ ಮುಟ್ಟಿದೆ. ಖರಖರ ಹಾಳಿ ಕಿತ್ತಿತ್ತು. ಬರೇ ಲೋಹದ ಮ್ಯಾಲ ಕಾರ್ ಡ್ಯಾಶ್‌ಬೋರ್ಡಿಗೆ ಹಚ್ಚೋ ಪಾಲಿಶ್ ಬಳದಿತ್ತು. ಕೈಬಟ್ಟು ಇಟ್ರ ನಿಲ್ಲವಲ್ದು, ಜಾರ್ತಿತ್ತು.

"ಇದ್ಯಾರು ಮಾಡ್ಯಾರ್ರಿ?"

"ನಾನೇ, ಬೆಳಿಗ್ಗೆ ಎದ್ದು. ಈಗ ಮ್ಯಾಚಿಂಗ್ ಆಯ್ತಲ್ಲ," ಅಂದ್ರು ಶೆಟ್ಟರು. ಆಮ್ಯಾಲ ನನ್ನ ಬೆನ್ನು ತಟ್ಟಿದ್ರು. "ನಿಮ್ಮ ಕೆಲಸ ಫಸ್ಟ್ ಕ್ಲಾಸ್ ಮಾರಾಯ್ರೆ. ಇಷ್ಟು ಜೋರು ಬಡಿದ್ರೂ ಏನೂ ಆಗ್ಲಿಲ್ಲ ನೋಡಿ."

ಇಷ್ಟು ವರ್ಷದ ಕೆಲಸದಾಗ ನನಗ ಸಿಕ್ಕ ಎಲ್ಲಾಕ್ಕಿಂತ ದೊಡ್ಡ ಶಾಭಾಸ್‌ಗಿರಿ ಅದು. ಅವರು ಕೊಟ್ಟ ಮೈಸೂರ್‌ಪಾಕಿನ ಡಬ್ಬಿ ಬಸ್ ಸ್ಟ್ಯಾಂಡಿನ್ಯಾಗ ಒಬ್ಬ ಮುದುಕಿಗೆ ಕೊಟ್ಟು ಬಸ್ ಹತ್ತಿದೆ.

ದ್ರಾಕ್ಷಿ ತೋಟದ ಸವಾರಿ ನಿಧಿಗೆ ತಪ್ಪಿತು. ಪ್ಲಾಸ್ಟರ್ ತಗದ ಮ್ಯಾಲ, ಥಂಡಿ ದಿವಸದಾಗ, ಒಂದು ಮುಂಜಾನೆ ಗಾಡಿ ಎಳಕೊಂಡು ಒಬ್ಬಾಕಿನೇ ನಮ್ಮ ಅಂಗಡಿಗೆ ಬಂದಳು. ಪೆಡಲಿಗೆ ಹೊಸಾ ಖರಖರ ಹಾಳಿ ತಾನೇ ಅಂಟಿಸಿದ್ದಳು. ಹೆಗಲಿಗೆ ಸ್ಪಂಜಿನ ಜಾಕೀಟು, ಹೆಲ್ಮೆಟ್.

"ಅಂಕಲ್, ಸಗಳಾ, ಪೂರ್ತಿ ಫಿಲ್ಮ್ ತೆಗೀರಿ."

ಶೇಠ್ ಗಾಬರಿ ಆದ್ರು. ಇಷ್ಟು ಛಲೋ ಫಿಲ್ಮ್ ಯಾರು ತಗಸ್ತಾರ ಅಂದ್ರು. ನಾನೂ ಹೇಳಿದೆ, "ಇದ್ರ ಇರ್ಲಿ ಬಿಡವ್ವಾ, ಗಾಡಿಗೆ ಛಲೋನೇ ಅದ. ತಗದ್ರ ಗೆರಿ ಬೀಳ್ತಾವ."

"ಬೀಳ್ಲಿ ಅಂಕಲ್. ಇದು ಹೀಗೇ ಹೊಳೀತಾ ಇದ್ರೆ ಪಪ್ಪಾ ದಿನಾ ಇದನ್ನೇ ನೋಡ್ತಾ ಕೂರ್ತಾರೆ. ಒಂದ್ಸಲ ಗೀರು ಬಿದ್ರೆ ಇದು ನಂದಾಗ್ತದೆ."

ಹೀಟ್ ಗನ್ ಹಿಡದು, ಅಂಚು ಬಿಡಿಸಿ, ನನ್ನ ಕೆಲಸ ನಾನೇ ಸುಲದೆ. ಒಳಗ ಹೊಳಪು ಹಂಗೇ ಇತ್ತು, ಫಿಲ್ಮಿಗೆ ದೋಷ ಕೊಡೂ ಹಂಗಿಲ್ಲ, ಅದು ತನ್ನ ಕೆಲಸ ಸರಿನೇ ಮಾಡಿತ್ತು. ಆಕಿ ಗಾಡಿಗೆ ಜಾಕೀಟು ಹಾಕಿ, ಹೆಲ್ಮೆಟ್ ಬಿಗದು, ನಿಫಾಡ್ ಕಡೆ ಹೊಂಟಳು.

ಹೋದ ತಿಂಗಳು ಶೆಟ್ಟರು ಫೋನ್ ಮಾಡಿದ್ರು. ಹೊಸ ಕಾರ್ ತಂದಾರಂತ, ಮುದ್ದಾಂ ನೀವೇ ಬರ್ಬೇಕು ಅಂದ್ರು. ಮಗಳು ಹ್ಯಾಂಗ ಅದಾಳ್ರಿ ಅಂತ ಕೇಳಿದೆ. "ಅವಳಾ? ಅವಳು ಆ ಗಾಡಿಯನ್ನ ಪೂರಾ ಹಾಳು ಮಾಡಿದ್ಲು ಮಾರಾಯ್ರೆ," ಅಂದ್ರು. ಕಾರಿಗೆ ಬೇರೆಯವರನ್ನ ನೋಡಿಕೊಳ್ರಿ ಅಂತ ಹೇಳಿ ಫೋನ್ ಇಟ್ಟೆ.

ನೌಕರಿ ನನಗ ಕಲಿಸಿದ್ದು ಇಷ್ಟೇ. ಈಗ ಯಾವ ಗಾಡಿ ಬಂದ್ರೂ ಮೊದಲು ಬಣ್ಣ ನೋಡೂದಿಲ್ಲ. ಓಡಿಸಾವರು ಯಾರು, ಅವರನ್ನ ಕರೀರಿ ಅಂತೀನಿ. ಅವರು ಬರೂ ತನಕ ಪೆಡಲ್ ಮ್ಯಾಲ ಹೆಬ್ಬಟ್ಟು ಎಳದು ನೋಡ್ತೀನಿ. ಹೆಬ್ಬಟ್ಟಿಗೆ ಖರಖರ ಹತ್ತಿದ್ರ ಮಾತ್ರ ಫಿಲ್ಮಿನ ರೋಲ್ ಬಿಚ್ತೀನಿ.